ಕೋನ್ ಸುತ್ತೋದು ಬೇರೆ, ಡಿಫೆಂಡರ್‌ನನ್ನು ದಾಟೋದು ಬೇರೆ: ಫುಟ್ಬಾಲ್ ಮಕ್ಕಳ ಚುರುಕು ಅಳೆಯೋದು ಹೇಗೆ?

500 ರೂಪಾಯಿಯ ಒಂದು ನೋಟು ತೆಗೆದುಕೊಳ್ಳಿ. ಉದ್ದಕ್ಕೆ ನೇತಾಡುವ ಹಾಗೆ ಮೇಲಿನ ತುದಿಯನ್ನು ಹಿಡಿಯಿರಿ. ಎದುರಿಗೆ ಕೂತ ಮಗುವಿಗೆ ಹೆಬ್ಬೆರಳು, ತೋರುಬೆರಳನ್ನು ನೋಟಿನ ನಡುಭಾಗದಲ್ಲಿ, ಗಾಂಧೀಜಿ ಮುಖದ ಹಿಂದೊಂದು ಮುಂದೊಂದು, ತಾಗದ ಹಾಗೆ ಇಟ್ಟುಕೊಳ್ಳಲು ಹೇಳಿ. "ನಾನು ಕೈಬಿಟ್ಟಾಗ ಹಿಡಿದರೆ ನೋಟು ನಿಂದೇ" ಅನ್ನಿ. ಧೈರ್ಯವಾಗಿ ಅನ್ನಿ. ನೋಟು ನೆಲಕ್ಕೆ ಬೀಳುತ್ತದೆ.

ಲೆಕ್ಕ ಸರಳ. ನೋಟಿನ ಉದ್ದ 15 ಸೆಂಟಿಮೀಟರ್. ಬೆರಳಿನಿಂದ ಮೇಲೆ ಉಳಿದಿರುವುದು 7.5 ಸೆಂಟಿಮೀಟರ್ ಮಾತ್ರ. ಅಷ್ಟು ಜಾರಿ ಹೋಗಲು ಸುಮಾರು 0.12 ಸೆಕೆಂಡು ಸಾಕು. ಕಣ್ಣು ನೋಡಿ, ಅದು ಮಿದುಳಿಗೆ ಮುಟ್ಟಿ, ಅಲ್ಲಿಂದ ಬೆರಳಿಗೆ ಸುದ್ದಿ ಬಂದು, ಬೆರಳು ಮುಚ್ಚಿಕೊಳ್ಳಲು ದೊಡ್ಡವರಿಗೇ ಸುಮಾರು 0.2 ಸೆಕೆಂಡು ಬೇಕು. ಮಕ್ಕಳಿಗೆ ಇನ್ನೂ ಸ್ವಲ್ಪ ಜಾಸ್ತಿ. ಹಾಗಾಗಿ ನೋಡಿ ಹಿಡಿಯುವುದು ಆಗದ ಮಾತು.

ನನ್ನ ಅಣ್ಣನ ಮಗಳು ಐದನೇ ಸಲ ಹಿಡಿದಳು. ನೋಟು ಹೋಯಿತು. ಹೇಗೆ ಅಂತ ಕೇಳಿದರೆ, "ಚಿಕ್ಕಪ್ಪ, ನೀವು ಬಿಡೋಕೆ ಮುಂಚೆ ತುಟಿ ಬಿಗಿ ಮಾಡ್ತೀರ" ಅಂದಳು. ಅವಳಿಗೆ 11 ವರ್ಷ. ಫುಟ್ಬಾಲ್ ಆಡುತ್ತಾಳೆ.

ಅದೇ ಹುಡುಗಿ ಕೆಲವು ತಿಂಗಳ ಹಿಂದೆ ಒಂದು ಅಕಾಡೆಮಿಯ ಸೆಲೆಕ್ಷನ್‌ಗೆ ಹೋಗಿದ್ದಳು. ಕೋನ್ ಇಟ್ಟು ಓಡಿಸಿದರು, ಸ್ಟಾಪ್‌ವಾಚ್ ಒತ್ತಿದರು, ಹಾಳೆಯ ಮೇಲೆ ಒಂದು ಅಂಕಿ ಬರೆದರು, "ಅಜಿಲಿಟಿ ಸಾಲದು", ಅಂದರೆ ಚುರುಕು ಕಡಿಮೆ, ಅಂದರು. ಮನೆಗೆ ಬಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಅವರು ಬರೆದ ಅಂಕಿ ಸುಳ್ಳಲ್ಲ. ಆದರೆ ಅದು ಯಾವುದರ ಅಂಕಿ? ಅದನ್ನು ಕೆದಕುತ್ತಾ ಹೋದಾಗ ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಕೋನ್ ಟೆಸ್ಟ್ ಕಾಲನ್ನು ಅಳೆಯುತ್ತದೆ. ಮ್ಯಾಚ್ ಕೇಳುವುದು ಕಣ್ಣು, ತಲೆ, ಆಮೇಲೆ ಕಾಲು.

ಯಾವ ಚುರುಕು?

ಖೋ ಖೋ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೂತವರ ಸಾಲಿನ ಮಧ್ಯೆ ಒಬ್ಬನೇ ಅಡ್ಡಾದಿಡ್ಡಿ ಓಡಿ ತೋರಿಸು ಅಂದರೆ ಯಾರು ಬೇಕಾದರೂ ಓಡುತ್ತಾರೆ. ಹಿಂದೆ ಅಟ್ಟಿಸಿಕೊಂಡು ಬರುವವನು ಇದ್ದಾಗ, ಅವನು ಯಾರಿಗೆ 'ಖೋ' ಕೊಡುತ್ತಾನೆ ಅಂತ ಗೊತ್ತಿಲ್ಲದಾಗ ತಿರುಗುವುದೇ ಆಟ. ಮೊದಲನೆಯದರಲ್ಲಿ ಎಲ್ಲಿ ತಿರುಗಬೇಕು ಅನ್ನುವುದು ಓಡುವ ಮುಂಚೆಯೇ ಗೊತ್ತು. ಎರಡನೆಯದರಲ್ಲಿ ಗೊತ್ತಿಲ್ಲ.

ಕ್ರೀಡಾ ವಿಜ್ಞಾನದಲ್ಲಿ ಈ ವ್ಯತ್ಯಾಸಕ್ಕೆ ಖಚಿತ ರೂಪ ಸಿಕ್ಕಿದ್ದು 2006ರಲ್ಲಿ. ಶೆಪರ್ಡ್ ಮತ್ತು ಯಂಗ್ ಎಂಬ ಇಬ್ಬರು ಸಂಶೋಧಕರು ಅಜಿಲಿಟಿಗೆ ಒಂದು ವಿವರಣೆ ಕೊಟ್ಟರು. ಏನನ್ನೋ ಕಂಡು ಅಥವಾ ಕೇಳಿ, ಅದಕ್ಕೆ ಉತ್ತರವಾಗಿ, ಇಡೀ ಮೈಯ ವೇಗವನ್ನೋ ದಿಕ್ಕನ್ನೋ ಥಟ್ಟನೆ ಬದಲಿಸುವುದು ಅಜಿಲಿಟಿ. 'ಉತ್ತರವಾಗಿ' ಅನ್ನುವುದರಲ್ಲೇ ಎಲ್ಲಾ ಇದೆ. ಅದಿಲ್ಲದಿದ್ದರೆ ಅದು ಬರೀ ದಿಕ್ಕು ಬದಲಿಸುವ ವೇಗ. ನಮ್ಮ ಬಹುಪಾಲು ಸೆಲೆಕ್ಷನ್‌ಗಳಲ್ಲಿ ಅಜಿಲಿಟಿ ಅಂತ ಬರೆದುಕೊಳ್ಳುವುದು ಈ ಎರಡನೆಯದನ್ನು.

ಹಾಗಂತ ದಿಕ್ಕು ಬದಲಿಸುವ ವೇಗ ಚಿಲ್ಲರೆ ವಿಷಯವೇನಲ್ಲ. 2011ರಲ್ಲಿ ಒಂದು ಟಿವಿ ಕಾರ್ಯಕ್ರಮಕ್ಕಾಗಿ ಕ್ರಿಸ್ಟಿಯಾನೋ ರೊನಾಲ್ಡೊನನ್ನು ಸ್ಪೇನಿನ ಒಬ್ಬ ಸ್ಪ್ರಿಂಟರ್ ಜೊತೆ ಓಡಿಸಿದರು. 25 ಮೀಟರ್ ನೇರ ಓಟದಲ್ಲಿ ಸ್ಪ್ರಿಂಟರ್ ಸುಮಾರು 0.3 ಸೆಕೆಂಡು ಮುಂದೆ. ಅಂಕುಡೊಂಕು ದಾರಿಯಲ್ಲಿ ಓಡಿಸಿದಾಗ ರೊನಾಲ್ಡೊ ಸುಮಾರು ಅರ್ಧ ಸೆಕೆಂಡು ಮುಂದೆ. ನೇರ ಓಟ ಬೇರೆ ವಿದ್ಯೆ, ತಿರುವು ಬೇರೆ ವಿದ್ಯೆ. ತಿರುಗಬೇಕಾದರೆ ಮೊದಲು ಬ್ರೇಕ್ ಹಾಕಬೇಕು. ತಿರುವಿಗೆ ಹಿಂದಿನ ಒಂದೆರಡು ಹೆಜ್ಜೆಯಲ್ಲೇ ಸೊಂಟ ಇಳಿಸಿ, ಮಂಡಿ ಬಗ್ಗಿಸಿ ವೇಗ ಕಳೆದುಕೊಳ್ಳಬೇಕು. ಆಮೇಲೆ ಹೊರಗಿನ ಕಾಲನ್ನು ಊರಿ ಹೊಸ ದಿಕ್ಕಿಗೆ ನೂಕಬೇಕು. ಬ್ರೇಕ್ ಕಲಿಯದ ಮಗು ಎಷ್ಟೇ ಜೋರಾಗಿ ಓಡಿದರೂ ತಿರುವಿನಲ್ಲಿ ದೂರ ಹೋಗಿಬಿಡುತ್ತದೆ, ಗೇರ್ ಇಳಿಸದೆ ಘಾಟಿ ಇಳಿಯುವ ಲಾರಿ ಹಾಗೆ.

ಕೋನ್ ಟೆಸ್ಟ್‌ಗಳ ಲೋಕ

ಎಲ್ಲಕ್ಕಿಂತ ಹೆಸರುವಾಸಿ ಇಲಿನಾಯ್ ಟೆಸ್ಟ್. 10 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗ. ನಾಲ್ಕು ಮೂಲೆಗೆ ನಾಲ್ಕು ಕೋನ್, ನಡುವೆ 3.3 ಮೀಟರ್ ಅಂತರದಲ್ಲಿ ಇನ್ನೂ ನಾಲ್ಕು. ಮಗು ಬೋರಲು ಮಲಗಿರುತ್ತದೆ. ಹೇಳಿದ ತಕ್ಷಣ ಎದ್ದು ಓಡಿ, ತಿರುಗಿ ಬಂದು, ನಡುವಿನ ಕೋನ್‌ಗಳ ನಡುವೆ ಹಾವಿನಂತೆ ಹೋಗಿ ಬಂದು, ಕೊನೆಗೆ ಇನ್ನೊಂದು ಬದಿಯಲ್ಲಿ ಹೋಗಿ ಬಂದು ಮುಗಿಸಬೇಕು. ಖರ್ಚಿಲ್ಲದ ಟೆಸ್ಟ್. ಎಂಟು ಕೋನ್ ಇಲ್ಲದಿದ್ದರೆ ಎಂಟು ಚಪ್ಪಲಿ ಸಾಕು.

ನನ್ನ ತಕರಾರು ಏನೆಂದರೆ, ಇದಕ್ಕೆ ಹದಿಹರೆಯದವರಿಗೂ 15 ಸೆಕೆಂಡು ದಾಟುತ್ತದೆ. ಫುಟ್ಬಾಲ್ ಮ್ಯಾಚ್‌ನಲ್ಲಿ ಒಂದು ಜೋರು ಓಟ ಸಾಮಾನ್ಯವಾಗಿ ಎರಡರಿಂದ ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ. ಹತ್ತು ಸೆಕೆಂಡು ದಾಟಿದ ಮೇಲೆ ನೀವು ಅಳೆಯುತ್ತಿರುವುದು ತಿರುವನ್ನೋ, ದಮ್ಮನ್ನೋ? ಜೊತೆಗೆ ಮಲಗಿದಲ್ಲಿಂದ ಏಳುವ ಚಾಕಚಕ್ಯತೆಯೂ ಅದರಲ್ಲಿ ಸೇರಿಹೋಗಿರುತ್ತದೆ.

ಟಿ ಟೆಸ್ಟ್ ಇನ್ನೊಂದು. ಇಂಗ್ಲಿಷಿನ ಟಿ ಅಕ್ಷರದ ಆಕಾರ. 9.14 ಮೀಟರ್, ಅಂದರೆ 10 ಗಜ, ಮುಂದೆ ಓಟ. ಅಲ್ಲಿಂದ ಒಂದು ಬದಿಗೆ 4.57 ಮೀಟರ್ ಅಡ್ಡ ಹೆಜ್ಜೆ, ಅಲ್ಲಿಂದ ಇನ್ನೊಂದು ತುದಿಗೆ, ಮತ್ತೆ ನಡುವಿಗೆ, ಕೊನೆಗೆ ಹಿಂದಕ್ಕೆ ಹಿಂದಕ್ಕೆ ಓಟ. ಡಿಫೆಂಡರ್‌ಗಳಿಗೆ ಇದು ಒಪ್ಪುತ್ತದೆ, ಅಡ್ಡ ಹೆಜ್ಜೆ ಮತ್ತು ಹಿಂಗಾಲೋಟ ಅವರ ದಿನದ ಕೆಲಸ.

ನನಗೆ ಜಾಸ್ತಿ ಇಷ್ಟವಾಗುವುದು 505. ಮಗು ಹೊರಟಲ್ಲಿಂದ 10 ಮೀಟರ್‌ಗೆ ಒಂದು ಗೆರೆ, 15 ಮೀಟರ್‌ಗೆ ಇನ್ನೊಂದು ಗೆರೆ. 10ನೇ ಮೀಟರ್ ದಾಟುವಾಗ ಸಮಯ ಶುರು. 15ನೇ ಮೀಟರ್‌ನಲ್ಲಿ ಕಾಲೂರಿ ಪೂರ್ತಿ ಹಿಂದಿರುಗಿ, ಮತ್ತೆ 10ನೇ ಮೀಟರ್ ದಾಟಿದಾಗ ಸಮಯ ನಿಲ್ಲುತ್ತದೆ. ಕ್ರಿಕೆಟ್‌ನಲ್ಲಿ ಎರಡನೇ ರನ್‌ಗೆ ತಿರುಗುವ ಹಾಗೆ. ಒಂದೇ ತಿರುವು, ಮೂರು ಸೆಕೆಂಡಿನ ಆಸುಪಾಸು. ಎಡಗಾಲಿನಲ್ಲಿ ಬೇರೆ, ಬಲಗಾಲಿನಲ್ಲಿ ಬೇರೆ ಅಳೆಯಬಹುದು. ಎರಡರ ನಡುವೆ ತುಂಬಾ ಅಂತರ ಬಂದರೆ ಕೋಚ್‌ಗೆ ಕೆಲಸ ಸಿಕ್ಕಿತು ಅಂತಲೇ ಅರ್ಥ.

ಇದರಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಇಬ್ಬರು ಮಕ್ಕಳು ಅಂದುಕೊಳ್ಳಿ. ಮೊದಲನೆಯವನು 10 ಮೀಟರ್ ನೇರ ಓಟವನ್ನು 1.90 ಸೆಕೆಂಡಿನಲ್ಲಿ ಮುಗಿಸುತ್ತಾನೆ, ಅವನ 505 ಸಮಯ 2.60. ಎರಡನೆಯವನದು 2.10 ಮತ್ತು 2.70. ಹಾಳೆ ನೋಡಿದರೆ ಮೊದಲನೆಯವನೇ ಚುರುಕು. ಈಗ 505ರಿಂದ ನೇರ ಓಟದ ಸಮಯ ಕಳೆಯಿರಿ. ಎರಡರಲ್ಲೂ ಓಡಿದ ದೂರ 10 ಮೀಟರೇ, ಹಾಗಾಗಿ ಉಳಿಯುವುದು ತಿರುವಿನ ಖರ್ಚು. ಮೊದಲನೆಯವನಿಗೆ 0.70, ಎರಡನೆಯವನಿಗೆ 0.60. ತಿರುಗುವುದರಲ್ಲಿ ಎರಡನೆಯವನೇ ಮೇಲು. ಮೊದಲನೆಯವನ ಕಾಲಿನ ವೇಗ ಅವನ ತಿರುವಿನ ದೋಷವನ್ನು ಮುಚ್ಚಿಟ್ಟಿತ್ತು. ಇಬ್ಬರಿಗೂ ಒಂದೇ ತರಬೇತಿ ಕೊಟ್ಟರೆ ಇಬ್ಬರಿಗೂ ನಷ್ಟ, ಅಲ್ವಾ? ಒಂದು ಎಚ್ಚರಿಕೆ: ಜೋರಾಗಿ ಬರುವವನಿಗೆ ನಿಲ್ಲುವುದೂ ಕಷ್ಟ, ಹಾಗಾಗಿ ಈ ವ್ಯತ್ಯಾಸವನ್ನು ಮಾತ್ರ ನೋಡಿ ಅವನನ್ನು ಬೈಯಬಾರದು. ಎರಡೂ ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಅದೇ ಕಳೆಯುವ ಲೆಕ್ಕವನ್ನು ಚೆಂಡಿನ ಜೊತೆಗೂ ಮಾಡಬಹುದು. ಒಂದೇ ಅಂಕುಡೊಂಕು ದಾರಿಯನ್ನು ಒಮ್ಮೆ ಚೆಂಡಿಲ್ಲದೆ, ಒಮ್ಮೆ ಡ್ರಿಬಲ್ ಮಾಡುತ್ತಾ, ಅಂದರೆ ಚೆಂಡನ್ನು ಕಾಲಲ್ಲಿ ತಳ್ಳಿಕೊಂಡು, ಓಡಿಸಿ. ಎರಡರ ವ್ಯತ್ಯಾಸ ಎಷ್ಟು ಕಡಿಮೆಯೋ ಚೆಂಡು ಕಾಲಿಗೆ ಅಷ್ಟು ಅಂಟಿಕೊಂಡಿದೆ ಅಂತ.

ಕೋಚ್‌ನ ಬೆರಳಿಗೂ ತಡವಾಗುತ್ತದೆ

ಇಲ್ಲೊಂದು ತಮಾಷೆ ಇದೆ. ಮಗುವಿನ ಚುರುಕನ್ನು ಅಳೆಯುವ ಸ್ಟಾಪ್‌ವಾಚ್ ಕೋಚ್‌ನ ಬೆರಳಿನ ಚುರುಕನ್ನೂ ಸೇರಿಸಿ ಅಳೆಯುತ್ತದೆ. ಮಗು ಹೊರಟಿದ್ದನ್ನು ನೋಡಿ ಗುಂಡಿ ಒತ್ತುವಾಗ ಕೋಚ್‌ಗೆ ಅದೇ 0.2 ಸೆಕೆಂಡು ತಡ. ಕೊನೆಯಲ್ಲಿ ಮಗು ಓಡಿ ಬರುತ್ತಿರುವುದು ಕಾಣುತ್ತಲೇ ಇರುತ್ತದೆ, ಹಾಗಾಗಿ ಸರಿಯಾದ ಹೊತ್ತಿಗೆ, ಒಮ್ಮೊಮ್ಮೆ ಮುಂಚೆಯೇ, ಒತ್ತಿಬಿಡುತ್ತಾರೆ. ಫಲ? ಕೈಯಲ್ಲಿ ಅಳೆದ ಸಮಯ ನಿಜಕ್ಕಿಂತ ಕಡಿಮೆ ಬರುತ್ತದೆ. ಅಥ್ಲೆಟಿಕ್ಸ್‌ನಲ್ಲಿ 100 ಮೀಟರ್ ಓಟದಲ್ಲಿ ಕೈಯಲ್ಲಿ ಅಳೆದ ಸಮಯವನ್ನು ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸಬೇಕಾದರೆ 0.24 ಸೆಕೆಂಡು ಸೇರಿಸುವುದು ಹಳೆಯ ರೂಢಿ. ಮೇಲಿನ ಇಬ್ಬರು ಹುಡುಗರ ತಿರುವಿನ ವ್ಯತ್ಯಾಸ ಎಷ್ಟಿತ್ತು? 0.10. ಬೆರಳಿನ ತಪ್ಪು ಅದರ ಎರಡು ಪಟ್ಟು.

ದುಡ್ಡಿರುವವರು ಲೈಟ್ ಗೇಟ್ ಇಡುತ್ತಾರೆ. ಎರಡು ಕಂಬಗಳ ನಡುವೆ ಬೆಳಕಿನ ಗೆರೆ, ಅದನ್ನು ಮೈ ಕತ್ತರಿಸಿದಾಗ ಸಮಯ ದಾಖಲಾಗುತ್ತದೆ. ಅದಕ್ಕೂ ಕಟ್ಟುಪಾಡಿದೆ. ಗೆರೆ ಮಗುವಿನ ಸೊಂಟದ ಎತ್ತರಕ್ಕೆ ಇರಬೇಕು, ಇಲ್ಲದಿದ್ದರೆ ಮುಂದೆ ಚಾಚಿದ ಕೈಯೇ ಗೆರೆ ಮುರಿಯುತ್ತದೆ. ಮಗು ಗೇಟಿಗಿಂತ 30ರಿಂದ 50 ಸೆಂಟಿಮೀಟರ್ ಹಿಂದೆ ನಿಂತು ಹೊರಡಬೇಕು.

ದುಡ್ಡಿಲ್ಲದವರಿಗೆ ಫೋನ್ ಇದೆ. ಈಗಿನ ಸುಮಾರು ಫೋನ್‌ಗಳಲ್ಲಿ ಸ್ಲೋ ಮೋಷನ್ ವಿಡಿಯೋ ಸೆಕೆಂಡಿಗೆ 240 ಫ್ರೇಮ್ ತೆಗೆಯುತ್ತದೆ. ಒಂದು ಫ್ರೇಮ್ ಅಂದರೆ ಸುಮಾರು 0.004 ಸೆಕೆಂಡು. ಗೆರೆಯ ನೇರಕ್ಕೆ ಸ್ಟ್ಯಾಂಡ್ ಇಟ್ಟು ಚಿತ್ರೀಕರಿಸಿ, ಆಮೇಲೆ ಫ್ರೇಮ್ ಎಣಿಸಿದರೆ ಕೋಚ್‌ನ ಬೆರಳಿಗಿಂತ ಎಷ್ಟೋ ನಂಬಬಹುದು. ಸಾಮಾನ್ಯ ವಿಡಿಯೋದಲ್ಲಿ ಸೆಕೆಂಡಿಗೆ 30 ಫ್ರೇಮ್, ಅಂದರೆ ಒಂದಕ್ಕೆ 0.033. ಅದೂ ಪರವಾಗಿಲ್ಲ.

ಇನ್ನು ನೆಲ. ಕೆಮ್ಮಣ್ಣಿನ ಗ್ರೌಂಡ್‌ನಲ್ಲಿ ಜಾರುತ್ತದೆ, ಟರ್ಫ್‌ನಲ್ಲಿ ಹಿಡಿತ ಸಿಗುತ್ತದೆ. ಸ್ಟಡ್ಸ್ ಹಾಕಿದ ಮಗುವನ್ನೂ ಸ್ಕೂಲಿನ ಕ್ಯಾನ್ವಾಸ್ ಶೂ ಹಾಕಿದ ಮಗುವನ್ನೂ ಒಂದೇ ಪಟ್ಟಿಯಲ್ಲಿ ಹೋಲಿಸುವುದು ನ್ಯಾಯವಲ್ಲ. ದಾರಿ ಗೊತ್ತಿಲ್ಲದ ಮಗು ಮೊದಲ ಸಲ ನಿಧಾನ, ಮೂರನೇ ಸಲ ತಾನಾಗಿ ಬೇಗ. ಅದು ಚುರುಕು ಹೆಚ್ಚಿದ್ದಲ್ಲ, ದಾರಿ ಬಾಯಿಪಾಠ ಆಗಿದ್ದು. ಅದಕ್ಕೇ ಒಂದೆರಡು ಸಲ ಸುಮ್ನೆ ಓಡಿಸಿ, ಆಮೇಲೆ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿ ಓಟದ ನಡುವೆ ಎರಡು ಮೂರು ನಿಮಿಷ ಸುಧಾರಿಸಿಕೊಳ್ಳಲು ಬಿಡಬೇಕು.

ಒಂದೇ ದಿನ ಒಂದೇ ಮಗು ಮೂರು ಸಲ ಓಡಿದರೆ ಮೂರು ಬೇರೆ ಬೇರೆ ಸಮಯ ಬರುತ್ತದೆ. ಉದಾಹರಣೆಗೆ 2.71, 2.64, 2.68. ಮುಂದಿನ ತಿಂಗಳು 2.65 ಬಂದರೆ ಸುಧಾರಣೆಯೇ? ಅಲ್ಲ. ಅದು ಮೊದಲೇ ಇದ್ದ ಏರಿಳಿತದ ಒಳಗೇ ಇದೆ. ಆ ಏರಿಳಿತವನ್ನು ದಾಟಿ ಕೆಳಗಿಳಿದರೆ ಮಾತ್ರ ಬೆನ್ನು ತಟ್ಟಬಹುದು.

ರಿಯಾಕ್ಷನ್ ಅಂದರೆ ಬರೀ ರಿಯಾಕ್ಷನ್ ಅಲ್ಲ

ಸ್ಕೇಲ್ ಬಿಟ್ಟು ಹಿಡಿಸುವ ಟೆಸ್ಟ್ ಶಾಲೆಯಲ್ಲಿ ಮಾಡಿರುತ್ತೀರಿ. 30 ಸೆಂಟಿಮೀಟರ್ ಸ್ಕೇಲಿನ ಸೊನ್ನೆಯ ಹತ್ತಿರ ಬೆರಳು ಇಟ್ಟಿರಬೇಕು, ಬಿಟ್ಟಾಗ ಹಿಡಿಯಬೇಕು. 20 ಸೆಂಟಿಮೀಟರ್‌ನಲ್ಲಿ ಹಿಡಿದರೆ 0.20 ಸೆಕೆಂಡು. 25ರಲ್ಲಿ ಹಿಡಿದರೆ 0.23. 30ರಲ್ಲಿ 0.25. ಹಲವು ಸಲ ಮಾಡಿಸಿ, ನಡುವಿನ ಅಂಕಿ ತೆಗೆದುಕೊಂಡರೆ ಪರವಾಗಿಲ್ಲ ಅನ್ನುವಷ್ಟು ಸರಿ ಇರುತ್ತದೆ. ಫೋನಿನ ಆಪ್‌ಗಳಲ್ಲಿ ಬಣ್ಣ ಬದಲಾದಾಗ ಒತ್ತುವ ಆಟಗಳಿವೆ. ಅಲ್ಲಿ ಪರದೆ ಮತ್ತು ಸ್ಪರ್ಶದ ತಡವೂ ಸೇರಿಕೊಳ್ಳುವುದರಿಂದ ಒಂದು ಫೋನಿನ ಅಂಕಿಯನ್ನು ಇನ್ನೊಂದು ಫೋನಿನದಕ್ಕೆ ಹೋಲಿಸಬಾರದು.

0.2 ಸೆಕೆಂಡು ಅಂದರೆ ಗ್ರೌಂಡ್‌ನಲ್ಲಿ ಎಷ್ಟು? ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುವ ಮಗು ಅಷ್ಟರಲ್ಲಿ ಒಂದು ಮೀಟರ್ ಸಾಗಿರುತ್ತದೆ. ಒಂದು ಮೀಟರ್ ಅಂತರದಲ್ಲಿ ಡಿಫೆಂಡರ್ ಚೆಂಡಿಗೆ ಕಾಲು ಹಾಕಬಹುದು, ಹಾಕದೆಯೂ ಇರಬಹುದು.

ಆದರೆ ಈ ಟೆಸ್ಟ್ ಒಂದು ಸಂಕೇತ, ಒಂದು ಉತ್ತರದ ಟೆಸ್ಟ್. ಆಯ್ಕೆ ಹೆಚ್ಚಿದಷ್ಟೂ ಉತ್ತರ ತಡವಾಗುತ್ತದೆ ಅನ್ನುವುದು ಹಳೆಯ ಸಂಗತಿ. ನೆದರ್ಲೆಂಡ್ಸಿನ ವಿಜ್ಞಾನಿ ಡಾಂಡರ್ಸ್ 1868ರಲ್ಲೇ ಸರಳ ಪ್ರತಿಕ್ರಿಯೆಯ ಸಮಯವನ್ನು ಆಯ್ಕೆ ಇರುವ ಪ್ರತಿಕ್ರಿಯೆಯ ಸಮಯದಿಂದ ಕಳೆದು, ಯೋಚನೆಗೆ ಹಿಡಿಯುವ ಹೊತ್ತನ್ನು ಅಳೆಯಲು ಹೊರಟಿದ್ದರು. 505ರಲ್ಲಿ ನಾವು ಮಾಡಿದ್ದೂ ಅದೇ ಕಳೆಯುವ ಲೆಕ್ಕ. 1952ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಹಿಕ್, ಆಯ್ಕೆ ಹೆಚ್ಚಿದಂತೆ ಆಗುವ ಈ ತಡಕ್ಕೆ ಸೂತ್ರವನ್ನೇ ಕೊಟ್ಟರು. ಚೆಂಡು ಕಾಲಿಗೆ ಬಂದ ಮಗುವಿಗೆ ಪಾಸ್ ಕೊಡಲೇ, ತಿರುಗಲೇ, ಒದೆಯಲೇ, ನಿಲ್ಲಿಸಲೇ ಅಂತ ಒಮ್ಮೆಗೇ ಹತ್ತು ದಾರಿ. ಸ್ಕೇಲ್ ಬಲು ಬೇಗ ಹಿಡಿಯುವ ಮಗು ಇಲ್ಲಿ ತಡವರಿಸಬಹುದು.

ಅಲ್ಲದೆ ಒಳ್ಳೆಯ ಆಟಗಾರರು ಸಂಕೇತಕ್ಕೆ ಕಾಯುವುದೇ ಇಲ್ಲ. ಪೆನಾಲ್ಟಿ ತೆಗೆದುಕೊಳ್ಳಿ. 11 ಮೀಟರ್ ದೂರ. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು 0.4 ಸೆಕೆಂಡಿನಲ್ಲಿ ಗೋಲು ಮುಟ್ಟುತ್ತದೆ. ಗೋಲಿನ ಅಗಲ 7.32 ಮೀಟರ್. ಚೆಂಡು ಹೊರಟ ಮೇಲೆ ನೋಡಿ, 0.2 ಸೆಕೆಂಡು ಕಳೆದು, ಉಳಿದ 0.2ರಲ್ಲಿ ಮೂಲೆಗೆ ಹಾರಲು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಗೋಲ್‌ಕೀಪರ್ ಒದೆಯುವವನ ಊರಿದ ಕಾಲು, ಸೊಂಟ, ಓಡಿ ಬರುವ ಕೋನ ನೋಡುತ್ತಾನೆ. ನನ್ನ ಅಣ್ಣನ ಮಗಳು ನನ್ನ ತುಟಿ ನೋಡಿದ ಹಾಗೆ. ಅದೇ ಟಿವಿ ಕಾರ್ಯಕ್ರಮದಲ್ಲಿ ರೊನಾಲ್ಡೊಗೆ ಕ್ರಾಸ್ ಹಾಕಿ, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಕೊಟ್ಟು, ಒದ್ದ ಕ್ಷಣಕ್ಕೇ ದೀಪ ಆರಿಸಿದ್ದರು. ಕಗ್ಗತ್ತಲಲ್ಲೂ ಚೆಂಡನ್ನು ಗೋಲಿಗೆ ಸೇರಿಸಿದ. ಒದೆಯುವವನ ಮೈ ನೋಡಿಯೇ ಚೆಂಡು ಎಲ್ಲಿಗೆ ಬರುತ್ತದೆ ಅಂತ ಅವನಿಗೆ ಗೊತ್ತಿತ್ತು.

ಹಾಗಾದರೆ ಅಳೆಯಬೇಕಾದ್ದು ಇದನ್ನು. ಹೇಗೆ?

ಸಂಶೋಧಕರು ಮಾಡುವುದು ಹೀಗೆ. ಇಂಗ್ಲಿಷಿನ ವೈ ಅಕ್ಷರದ ಆಕಾರದ ದಾರಿ. ಮಗು ನೇರ ಓಡಿ ಬರುತ್ತದೆ. ಎದುರಿಗೆ ನಿಂತವರು ಗಕ್ಕನೆ ಎಡಕ್ಕೋ ಬಲಕ್ಕೋ ಹೆಜ್ಜೆ ಇಡುತ್ತಾರೆ. ಮಗು ಅದನ್ನು ನೋಡಿ ಅದೇ ಬದಿಯ ಗೇಟಿಗೆ ಓಡಬೇಕು. ಒಮ್ಮೊಮ್ಮೆ ಎದುರಿನವರು ಒಂದು ಕಡೆ ಹೆಜ್ಜೆ ಇಟ್ಟ ಹಾಗೆ ಮಾಡಿ ಇನ್ನೊಂದು ಕಡೆ ಹೋಗುತ್ತಾರೆ. ಶೆಪರ್ಡ್ ಮತ್ತು ಅವರ ಜೊತೆಗಾರರು 2006ರಲ್ಲಿ ಆಸ್ಟ್ರೇಲಿಯನ್ ಫುಟ್ಬಾಲ್ ಆಟಗಾರರ ಮೇಲೆ ಇಂಥ ಟೆಸ್ಟ್ ನಡೆಸಿದರು. ಅದು ನಮ್ಮ ಫುಟ್ಬಾಲ್ ಅಲ್ಲ, ಆದರೆ ದಾಟುವುದು, ತಿರುಗುವುದು ಅಲ್ಲೂ ಇದೆ. ನೇರ ಓಟದಲ್ಲಿ, ಮೊದಲೇ ಗೊತ್ತಿದ್ದ ತಿರುವಿನಲ್ಲಿ ಮೇಲ್ಮಟ್ಟದವರಿಗೂ ಕೆಳಮಟ್ಟದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಬರಲಿಲ್ಲ. ಎದುರಿನವರನ್ನು ನೋಡಿ ತಿರುಗುವ ಟೆಸ್ಟ್‌ನಲ್ಲಿ ಮಾತ್ರ ಎರಡು ಗುಂಪು ಬೇರೆಯಾದವು.

ಅಂಗಡಿಯಲ್ಲಿ ಈಗ ಮಿನುಗುವ ದೀಪಗಳು ಸಿಗುತ್ತವೆ. ಯಾವ ದೀಪ ಹೊತ್ತಿತೋ ಅದನ್ನು ಮುಟ್ಟಬೇಕು. ಮಕ್ಕಳಿಗೆ ಖುಷಿ, ಅಪ್ಪ ಅಮ್ಮಂದಿರಿಗೆ ವಿಡಿಯೋ. ನನಗೆ ಇದರ ಮೇಲೆ ಅರ್ಧ ನಂಬಿಕೆ. ದೀಪಕ್ಕೆ ಸೊಂಟವಿಲ್ಲ, ಭುಜವಿಲ್ಲ, ತುಟಿ ಬಿಗಿಯುವುದಿಲ್ಲ. ಹೊತ್ತುವ ಮುಂಚೆ ಅದು ಯಾವ ಸುಳಿವನ್ನೂ ಕೊಡುವುದಿಲ್ಲ. ಓದುವ ಕಲೆ ಇರುವ ಮಗುವಿಗೆ ಅಲ್ಲಿ ಓದಲು ಏನೂ ಇಲ್ಲ. ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್ ಗಲ್ಲಿಗಳಿಂದ ಬಂದ ಹಳೆಯ ಆಟಗಾರರಿಗೆ ದೀಪ ಇರಲಿಲ್ಲ. ಇಕ್ಕಟ್ಟಾದ ಜಾಗ ಇತ್ತು, ಮೈಮೇಲೆ ಬೀಳುವ ಹತ್ತು ಹುಡುಗರಿದ್ದರು.

ಇನ್ನೊಂದು ಅಳತೆಗೆ ಬರೀ ಫೋನ್ ಸಾಕು. ನಾರ್ವೆಯ ಗೇರ್ ಯೋರ್ಡೆಟ್ ಎಂಬ ಸಂಶೋಧಕ ವರ್ಷಗಟ್ಟಲೆ ಒಂದೇ ವಿಷಯ ಎಣಿಸಿದರು: ಚೆಂಡು ಬರುವ ಮುಂಚಿನ ಕೆಲವು ಸೆಕೆಂಡುಗಳಲ್ಲಿ ಆಟಗಾರ ಎಷ್ಟು ಸಲ ಚೆಂಡಿನಿಂದ ಕಣ್ಣು ತೆಗೆದು ಸುತ್ತ ನೋಡಿದ? ಹೆಚ್ಚು ಸಲ ಕತ್ತು ತಿರುಗಿಸಿ ನೋಡುವವರು ಚೆಂಡು ಬಂದ ಮೇಲೆ ಮುಂದಕ್ಕೆ ಪಾಸ್ ಕೊಡುವುದರಲ್ಲೂ ಮುಂದು. ನಿಮ್ಮ ಮಗುವಿನ ಒಂದು ಮ್ಯಾಚ್ ಚಿತ್ರೀಕರಿಸಿ ಎಣಿಸಿ. ಬಹಳ ಮಕ್ಕಳ ಅಂಕಿ ಸೊನ್ನೆ ಇರುತ್ತದೆ, ಗಾಬರಿ ಬೇಡ. ಅವರು ಚೆಂಡನ್ನೇ ದಿಟ್ಟಿಸುತ್ತಿರುತ್ತಾರೆ. ಚೆಂಡು ಬಂದ ಮೇಲೆ ನೋಡಲು ಶುರು ಮಾಡುತ್ತಾರೆ, ನೋಡುವ ಹೊತ್ತಿಗೆ ಚೆಂಡು ಹೋಗಿರುತ್ತದೆ. ಅದನ್ನು ನಾವು 'ನಿಧಾನ' ಅನ್ನುತ್ತೇವೆ.

ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

2000ದ ಯೂರೋ ಕಪ್‌ನಲ್ಲಿ ಜರ್ಮನಿ ತನ್ನ ಗುಂಪಿನಲ್ಲೇ ಕೊನೆಯ ಸ್ಥಾನಕ್ಕೆ ಬಿತ್ತು. ದೊಡ್ಡ ಅವಮಾನ. ಅದಾದ ಮೇಲೆ 2002ರಲ್ಲಿ ಅಲ್ಲಿನ ಫುಟ್ಬಾಲ್ ಸಂಸ್ಥೆ ದೇಶದ ಉದ್ದಗಲಕ್ಕೂ 350ಕ್ಕೂ ಹೆಚ್ಚು ಕೇಂದ್ರ ತೆರೆದು ಪ್ರತಿಭಾವಂತ ಮಕ್ಕಳಿಗೆ ಹೆಚ್ಚುವರಿ ತರಬೇತಿ ಶುರು ಮಾಡಿತು. ಕೆಲವು ವರ್ಷಗಳಲ್ಲಿ ಎಲ್ಲಾ ಕೇಂದ್ರಗಳಲ್ಲೂ ಒಂದೇ ರೀತಿಯ ಟೆಸ್ಟ್ ಬಂತು. 20 ಮೀಟರ್ ಓಟ, ಕಂಬಗಳ ನಡುವೆ ಅಂಕುಡೊಂಕು ಓಟ, ಚೆಂಡಿನ ಜೊತೆ ಡ್ರಿಬಲ್, ಚೆಂಡಿನ ಹಿಡಿತ, ಗೋಲಿಗೆ ಹೊಡೆತ. ಹೀಗೆ ಅಳೆದ 12 ವರ್ಷದೊಳಗಿನ 14,000ಕ್ಕೂ ಹೆಚ್ಚು ಹುಡುಗರು ದೊಡ್ಡವರಾದ ಮೇಲೆ ಏನಾದರು ಅಂತ ಸಂಶೋಧಕರು ಹಿಂಬಾಲಿಸಿ ನೋಡಿದರು.

ಮುಂದೆ ಪ್ರೊಫೆಷನಲ್ ಆದವರು ಆ ವಯಸ್ಸಿನಲ್ಲಿ ಟೆಸ್ಟ್‌ಗಳಲ್ಲಿ ಸರಾಸರಿ ಉಳಿದವರಿಗಿಂತ ಚೆನ್ನಾಗಿ ಮಾಡಿದ್ದರು. ಅಂದರೆ ಟೆಸ್ಟ್ ಸುಳ್ಳಲ್ಲ. ಆದರೆ ಒಬ್ಬ ಹುಡುಗನ ಅಂಕಿ ನೋಡಿ ಇವನು ಆಗುತ್ತಾನೆ, ಇವನು ಆಗುವುದಿಲ್ಲ ಅಂತ ಹೇಳಲು ಅದು ಸಾಲದು. ಚೆನ್ನಾಗಿ ಓಡಿದ ಸಾವಿರಾರು ಹುಡುಗರು ಏನೂ ಆಗಲಿಲ್ಲ. ಗುಂಪಿಗೆ ನಿಜವಾದದ್ದು ಒಬ್ಬನಿಗೆ ನಿಜ ಆಗಬೇಕಿಲ್ಲ. ಸೆಲೆಕ್ಷನ್ ಹಾಳೆಯ ಮುಂದೆ ಕೂತವರು ಮರೆಯುವುದು ಇದನ್ನೇ.

ಮಕ್ಕಳಲ್ಲಿ ಇನ್ನೊಂದು ಗೋಜಲಿದೆ, ಬೆಳವಣಿಗೆ. ಹುಡುಗಿಯರು ಸರಾಸರಿ 12ರ ಸುಮಾರಿಗೆ, ಹುಡುಗರು 14ರ ಸುಮಾರಿಗೆ ಎಲ್ಲಕ್ಕಿಂತ ಜೋರಾಗಿ ಎತ್ತರ ಬೆಳೆಯುತ್ತಾರೆ. ಕೆಲವರಿಗೆ ಒಂದೆರಡು ವರ್ಷ ಮುಂಚೆ, ಕೆಲವರಿಗೆ ತಡ. ಒಂದೇ ತರಗತಿಯಲ್ಲಿ ಮೀಸೆ ಬಂದವನೂ ಹಾಲುಗಲ್ಲದವನೂ ಪಕ್ಕಪಕ್ಕ ಕೂತಿರುವುದನ್ನು ನೋಡಿರುತ್ತೀರಿ. ಬೇಗ ಬೆಳೆದವನು ಕೋನ್ ಟೆಸ್ಟ್‌ನಲ್ಲಿ ಗೆಲ್ಲುತ್ತಾನೆ. ಅದು ಪ್ರತಿಭೆಯೋ, ಸ್ನಾಯುವೋ? ಇನ್ನೂ ಕೆಲವರಿಗೆ ಕೈಕಾಲು ಉದ್ದವಾದ ಆ ಹೊತ್ತಿನಲ್ಲಿ ಇದ್ದ ಚುರುಕೂ ಹೋಗುತ್ತದೆ. ಮನೆಯಲ್ಲಿ ಲೋಟ ಬೀಳಿಸುತ್ತಾರೆ, ಗ್ರೌಂಡ್‌ನಲ್ಲಿ ತಮ್ಮ ಕಾಲಿಗೇ ಎಡವುತ್ತಾರೆ. ಸಮಯ ಕೆಟ್ಟರೆ ಬೈಯಬೇಡಿ, ಎತ್ತರ ಅಳೆಯಿರಿ.

ಹುಟ್ಟಿದ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ವಯೋಮಿತಿ ಜನವರಿ 1ಕ್ಕೆ ಎಣಿಸಿದರೆ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. 11ರ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಸಣ್ಣದಲ್ಲ. ಯೂರೋಪಿನ ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿರುವುದು ಮತ್ತೆ ಮತ್ತೆ ಕಂಡಿದೆ. ಅದಕ್ಕೇ ಬೆಲ್ಜಿಯಂ ತಡವಾಗಿ ಬೆಳೆಯುವ ಮಕ್ಕಳಿಗೆ ಬೇರೆಯೇ ತಂಡ ಕಟ್ಟಿತು, ಇಂಗ್ಲೆಂಡ್ ಅಕಾಡೆಮಿಗಳು ವಯಸ್ಸಿನ ಬದಲು ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸಿ ನೋಡಿದವು. ನಮ್ಮಲ್ಲಿ ಅದಕ್ಕೂ ಮುಂಚಿನ ತಲೆನೋವು ವಯಸ್ಸಿನ ಸರ್ಟಿಫಿಕೇಟ್. ಆ ಕತೆ ಎಲ್ಲರಿಗೂ ಗೊತ್ತು, ಬಿಡಿ.

ಸಮಯಕ್ಕಿಂತ ಮಂಡಿ ದೊಡ್ಡದು ಅನ್ನುವುದನ್ನೂ ಹೇಳಬೇಕು. ಫುಟ್ಬಾಲ್‌ನಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಬಹಳ ಸಲ ಯಾರೂ ತಾಗದೆಯೇ, ಇಂಥದೇ ತಿರುವಿನಲ್ಲಿ. ಹದಿಹರೆಯದ ಹುಡುಗಿಯರಿಗೆ ಈ ಅಪಾಯ ಹುಡುಗರಿಗಿಂತ ಜಾಸ್ತಿ. ವಿಡಿಯೋ ತೆಗೆದಿದ್ದೀರಲ್ಲ, ಕಾಲೂರಿದಾಗ ಮಂಡಿ ಒಳಕ್ಕೆ ಬಾಗುತ್ತದೆಯೇ ನೋಡಿ. ಬಾಗುತ್ತಿದ್ದರೆ ಓಡಿಸುವುದನ್ನು ನಿಲ್ಲಿಸಿ, ಮೊದಲು ನಿಲ್ಲುವುದನ್ನು, ಜಿಗಿದು ಇಳಿಯುವುದನ್ನು ಕಲಿಸಿ. ಫೀಫಾದ 11+ ವಾರ್ಮ್ ಅಪ್ ಇದಕ್ಕೇ ಇದೆ, ಚಿಕ್ಕ ಮಕ್ಕಳಿಗೆ ಅದರದೇ ಬೇರೆ ರೂಪವೂ ಇದೆ.

ನಮ್ಮ ಗ್ರೌಂಡ್‌ನಲ್ಲಿ

ಈಗ ನಾವು ಭಾನುವಾರ ಬೆಳಿಗ್ಗೆ ಮಾಡುವುದು ಇಷ್ಟು. ಗೋಡೆಯ ಗೆರೆಗೆ ನಿಲ್ಲಿಸಿ ಎತ್ತರ ಬರೆದುಕೊಳ್ಳುತ್ತೇವೆ. 10 ಮೀಟರ್ ನೇರ ಓಟ, ಎರಡೂ ಕಾಲಿನಲ್ಲಿ 505. ಆಮೇಲೆ ಐದು ಮೀಟರ್ ಓಟದ ಕೊನೆಗೆ ಇನ್ನೊಂದು ಮಗುವನ್ನೇ ಎದುರಿಗೆ ನಿಲ್ಲಿಸುತ್ತೇವೆ. ಎದುರಿನ ಮಗು ಯಾವ ಕಡೆ ಹೋಗಬೇಕು ಅನ್ನುವುದನ್ನು ಅದರ ಕಿವಿಯಲ್ಲಿ ಹೇಳುತ್ತೇವೆ, ಹತ್ತರಲ್ಲಿ ಮೂರು ಸಲ ಮೋಸದ ಹೆಜ್ಜೆ. ಬದಿಯಲ್ಲಿ ಫೋನ್. ಎದುರಿನ ಮಗುವಿನ ಕಾಲು ಊರಿದ ಫ್ರೇಮಿನಿಂದ ಓಡುವ ಮಗುವಿನ ಮೊದಲ ಸರಿಯಾದ ಹೆಜ್ಜೆಯ ಫ್ರೇಮಿನವರೆಗೆ ಎಣಿಸಿ 240ರಿಂದ ಭಾಗಿಸಿದರೆ ನಿರ್ಧಾರಕ್ಕೆ ಹಿಡಿದ ಹೊತ್ತು ಸಿಕ್ಕಿತು. ತಪ್ಪು ಕಡೆ ಹೋದದ್ದೆಷ್ಟು ಅನ್ನುವುದಕ್ಕೆ ಬೇರೆ ಕಾಲಂ.

ನನ್ನ ಅಣ್ಣನ ಮಗಳ 505 ಇನ್ನೂ ಗುಂಪಿನ ನಡುವಿನಲ್ಲೇ ಇದೆ. ಎಡಗಾಲಿನ ತಿರುವಿನಲ್ಲಿ ಬ್ರೇಕ್ ತಡವಾಗಿ ಹಾಕುತ್ತಾಳೆ, ಅದು ವಿಡಿಯೋದಲ್ಲಿ ನಿಚ್ಚಳ. ಎದುರಿನವರನ್ನು ನೋಡಿ ತಿರುಗುವುದರಲ್ಲಿ ಹತ್ತಕ್ಕೆ ಒಂದೇ ಸಲ ಮೋಸ ಹೋದಳು. ಕೆಲವು ಸಲ ಎದುರಿನವನ ಕಾಲು ಊರುವ ಮುಂಚೆಯೇ ಹೊರಟಿರುತ್ತಾಳೆ, ಫ್ರೇಮ್ ಲೆಕ್ಕ ಮೈನಸ್‌ನಲ್ಲಿ ಬರುತ್ತದೆ. ಮೊದಲ ವಾರ ಅದನ್ನು ನಾನು ಎಣಿಕೆಯ ತಪ್ಪು ಅಂತ ಹೊಡೆದು ಹಾಕಿದ್ದೆ. ಮುಂದಿನ ಅಳತೆ ಹತ್ತು ವಾರ ಕಳೆದ ಮೇಲೆ, ಅದೇ ಗ್ರೌಂಡ್, ಅದೇ ಶೂ, ಅದೇ ಹೊತ್ತಿನಲ್ಲಿ.